ಅಕ್ಷರಗುಂಡಿನ ಅಶೋಕ: ಅಧಿಕಾರಿಗಳಿಂದ ಲೆಕ್ಕ ಕೇಳಿದ ದೊರೆ

ಅಶೋಕ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಶಾಲೆಯ ಸಮಾಜ ವಿಜ್ಞಾನದ ಉತ್ತರ. ಸಾಲುಮರ ನೆಡಿಸಿದ, ಬಾವಿ ತೋಡಿಸಿದ, ಕಳಿಂಗ ಯುದ್ಧ ಮಾಡಿ ಆಮೇಲೆ ಪಶ್ಚಾತ್ತಾಪಪಟ್ಟ. ಎರಡು ಮಾರ್ಕ್ಸಿಗೆ ಅಷ್ಟು ಸಾಕಾಗಿತ್ತು. ಪಿಯುಸಿಯಲ್ಲಿ ಸೈನ್ಸ್ ತಗೊಂಡ ಮೇಲೆ ಅವನ ಸುದ್ದಿಯೇ ಇಲ್ಲ. ನೋಟಿನ ಮೇಲಿನ ಸಿಂಹಗಳನ್ನು ನೋಡಿದಾಗಲೂ ಅವನ ನೆನಪು ಬರೋದು ಅಪರೂಪ.

ಆದರೆ ನಮ್ಮ ರಾಜ್ಯದಲ್ಲೇ, ಚಳ್ಳಕೆರೆ ದಾಟಿ ಮೊಳಕಾಲ್ಮೂರು ತಾಲ್ಲೂಕಿಗೆ ಹೋದರೆ, ಬ್ರಹ್ಮಗಿರಿಯ ಹತ್ತಿರ ಒಂದು ಬಂಡೆ ಇದೆ. ಸುತ್ತಲಿನ ಜನ ಅದನ್ನು ಅಕ್ಷರಗುಂಡು ಅಂತ ಕರೆಯುತ್ತ ಬಂದಿದ್ದಾರೆ. ಅದರ ಮೇಲೆ ಇರೋದು ಅಶೋಕನ ಶಾಸನ. ದೊರೆ ತನ್ನ ಪ್ರಜೆಗಳಿಗೆ ಮಾಡಿದ ಉಪದೇಶ ಅಂತ ನಾವು ಅಂದುಕೊಂಡಿರುತ್ತೇವೆ. ಉಪದೇಶ ಇದೆ, ನಿಜ. ಆದರೆ ಅದರ ಮೊದಲ ಸಾಲಿನ ವಿಳಾಸ ಪ್ರಜೆಗಳದ್ದಲ್ಲ. ಅದು ಇಲ್ಲಿನ ಸ್ಥಳೀಯ ಅಧಿಕಾರಿಗಳಿಗೆ, ಮೇಲಿನ ಕಚೇರಿಯಿಂದ ಬಂದ ಪತ್ರ. ಆಫೀಸಿನ ಫೈಲಿನಲ್ಲಿ ಉಳಿಯಬೇಕಾದ ಆ ಪತ್ರವನ್ನು ಅಶೋಕ ಎಲ್ಲರ ಕಣ್ಣೆದುರಿನ ಬಂಡೆಯ ಮೇಲೆ ಹಾಕಿಸಿದ.

ಯಾಕೆ ಹಾಗೆ ಮಾಡಿದ ಅನ್ನೋದಕ್ಕೆ ಉತ್ತರ ಅವನ ಬದುಕಿನಲ್ಲೇ ಇದೆ.

ಚರಂಡಿಯೂ ಇದ್ದ, ಸಮಿತಿಯೂ ಇದ್ದ ಊರು

ಅಶೋಕ ಬೆಳೆದದ್ದು ಪಾಟಲಿಪುತ್ರದಲ್ಲಿ, ಅಂದರೆ ಇವತ್ತಿನ ಪಾಟ್ನಾದಲ್ಲಿ. ಅಜ್ಜ ಚಂದ್ರಗುಪ್ತ ಮೌರ್ಯ, ಅಪ್ಪ ಬಿಂದುಸಾರ. ಅಜ್ಜನ ಕಾಲದಲ್ಲಿ ಗ್ರೀಕ್ ರಾಯಭಾರಿ ಮೆಗಸ್ತನೀಸ್ ಆ ಊರಿಗೆ ಬಂದಿದ್ದ. ಅವನ ಪುಸ್ತಕ ಕಳೆದುಹೋಗಿದೆ, ಆದರೆ ಅದನ್ನು ಓದಿದ್ದ ಗ್ರೀಕ್ ಮತ್ತು ರೋಮನ್ ಲೇಖಕರು ಅದರ ಸಾರವನ್ನು ಉಳಿಸಿದ್ದಾರೆ. ಊರಿನ ಸುತ್ತ ಮರದ ಕೋಟೆ, 64 ಬಾಗಿಲು, 570 ಬುರುಜು. ಕೋಟೆಯ ಹೊರಗೆ ಕಂದಕ. ಆ ಕಂದಕಕ್ಕೆ ಎರಡು ಕೆಲಸ: ಶತ್ರುಗಳನ್ನು ತಡೆಯೋದು, ಊರಿನ ಕೊಳಚೆ ನೀರನ್ನು ಹೊರಗೆ ಒಯ್ಯೋದು.

ಊರಿನ ಆಡಳಿತ 30 ಜನರ ಕೈಯಲ್ಲಿತ್ತಂತೆ. ತಲಾ 5 ಜನರ 6 ಸಮಿತಿಗಳು. ಒಂದು ಕುಶಲಕರ್ಮಿಗಳನ್ನು ನೋಡಿಕೊಳ್ಳುತ್ತಿತ್ತು, ಇನ್ನೊಂದು ಪರದೇಶದವರನ್ನು, ಮತ್ತೊಂದು ಜನನ ಮರಣದ ಲೆಕ್ಕವನ್ನು, ಮಗದೊಂದು ಅಳತೆ ತೂಕವನ್ನು. ಆರೂ ಸಮಿತಿಗಳು ಒಟ್ಟು ಸೇರಿ ಸಾರ್ವಜನಿಕ ಕಟ್ಟಡ, ಮಾರುಕಟ್ಟೆ, ಬಂದರು, ದೇವಸ್ಥಾನಗಳ ಉಸ್ತುವಾರಿ ಮಾಡುತ್ತಿದ್ದವು. ಇವತ್ತಿನ ನಗರಸಭೆಯ ಸ್ಥಾಯಿ ಸಮಿತಿ ನೆನಪಾದರೆ ಆಶ್ಚರ್ಯವಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಸದ ವಿಷಯವೂ ಇದೆ. ರಸ್ತೆಗೆ ಮಣ್ಣು ಕಸ ಎಸೆದರೆ ಪಣದ ಎಂಟನೇ ಒಂದು ಭಾಗ ದಂಡ. ಕೆಸರು ನೀರು ನಿಲ್ಲಿಸಿ ದಾರಿ ಕೆಡಿಸಿದರೆ ನಾಲ್ಕನೇ ಒಂದು ಭಾಗ. ರಾಜಮಾರ್ಗದಲ್ಲಾದರೆ ಎರಡರಷ್ಟು. ಆ ಪುಸ್ತಕದ ಈಗಿನ ರೂಪ ಮೌರ್ಯರ ನಂತರದ್ದು ಅನ್ನುವ ವಿದ್ವಾಂಸರೂ ಇದ್ದಾರೆ, ಹಾಗಾಗಿ ಇದೆಲ್ಲ ಪಾಟಲಿಪುತ್ರದಲ್ಲೇ ಜಾರಿಯಲ್ಲಿತ್ತು ಅಂತ ಹೇಳೋಕಾಗಲ್ಲ. ಆದರೆ ಒಂದು ಮಾತು ಗಮನಿಸಿ. ಅದೇ ಪುಸ್ತಕ ಸರ್ಕಾರಿ ನೌಕರರು ಖಜಾನೆ ಹಣ ನುಂಗುವ 40 ದಾರಿಗಳನ್ನೂ ಹೇಳುತ್ತದೆ. ಕಸ ಹಾಕುವವನಿಗೆ ದಂಡ ಹಾಕೋದು ಸುಲಭ, ಕಸದ ದುಡ್ಡು ನೋಡಿಕೊಳ್ಳುವವನನ್ನು ಹಿಡಿಯೋದು ಕಷ್ಟ ಅನ್ನೋದು ಆಗಲೇ ಗೊತ್ತಿತ್ತು.

ತಕ್ಷಶಿಲೆಯ ದೂರು

ಅಶೋಕನ ಯೌವನದ ಬಗ್ಗೆ ನಮಗೆ ಸಿಗೋದು ಬೌದ್ಧ ಗ್ರಂಥಗಳ ಕಥೆಗಳು ಮಾತ್ರ. ಅವನ್ನು ಕಥೆ ಅಂತಲೇ ಓದಬೇಕು. ಅವನ ಚರ್ಮ ಒರಟಾಗಿತ್ತು, ಅದಕ್ಕೇ ಅಪ್ಪನಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ ಅಂತ ಸಂಸ್ಕೃತದ ದಿವ್ಯಾವದಾನ ಹೇಳುತ್ತದೆ. ತಕ್ಷಶಿಲೆಯಲ್ಲಿ ದಂಗೆ ಎದ್ದಾಗ ಬಿಂದುಸಾರ ಇವನನ್ನು ಕಳಿಸಿದ. ಸೈನ್ಯ ಕೊಟ್ಟ, ಆಯುಧ ಕೊಡಲಿಲ್ಲ.

ಆದರೆ ತಕ್ಷಶಿಲೆಯ ಜನ ಊರಾಚೆಗೇ ಬಂದು, ದಾರಿ ಸಿಂಗರಿಸಿ, ಅವನನ್ನು ಸ್ವಾಗತಿಸಿದರು. ತಮ್ಮ ಸಿಟ್ಟು ರಾಜಕುಮಾರನ ಮೇಲೂ ಅಲ್ಲ, ದೊರೆಯ ಮೇಲೂ ಅಲ್ಲ, ತಮ್ಮನ್ನು ಹೀನವಾಗಿ ಕಾಣುವ ದುಷ್ಟ ಅಧಿಕಾರಿಗಳ ಮೇಲೆ ಅಂತ ಹೇಳಿಕೊಂಡರು. ಮುಂದೆ ಅಶೋಕನೇ ದೊರೆಯಾಗಿದ್ದಾಗಲೂ ಅದೇ ಊರಿನಲ್ಲಿ ಮತ್ತೆ ದಂಗೆಯಾಯಿತು, ಅವನ ಮಗ ಕುಣಾಲ ಹೋದಾಗಲೂ ಜನ ಅದೇ ದೂರು ಹೇಳಿದರು ಅನ್ನುತ್ತದೆ ಅದೇ ಗ್ರಂಥ. ದೊರೆ ಬದಲಾದ, ಊರಿನ ಆಫೀಸು ಬದಲಾಗಲಿಲ್ಲ.

ಇದು ನಡೆದದ್ದೋ, ಹೆಣೆದದ್ದೋ ಹೇಳಲಾಗದು. ಆದರೆ ಅಶೋಕನ ಶಾಸನಗಳನ್ನು ಓದಿದವರಿಗೆ ಈ ಕಥೆ ಯಾಕೆ ಹುಟ್ಟಿತು ಅಂತ ಅರ್ಥವಾಗುತ್ತದೆ. ರಾಜಧಾನಿಯ ಒಳ್ಳೆಯ ಆದೇಶ ಊರಿನ ಅಧಿಕಾರಿಯ ಕೈಯಲ್ಲಿ ಏನಾಗುತ್ತದೆ ಅನ್ನುವ ಆತಂಕ ಆ ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಪಾಳಿ ಗ್ರಂಥಗಳ ಪ್ರಕಾರ ಅಶೋಕ ಉಜ್ಜಯಿನಿಯಲ್ಲಿ ಅಪ್ಪನ ಪ್ರತಿನಿಧಿಯಾಗಿದ್ದ. ವಿದಿಶೆಯ ವ್ಯಾಪಾರಿಯೊಬ್ಬನ ಮಗಳನ್ನು ಮದುವೆಯಾದ. ಅಪ್ಪ ಸತ್ತ ಮೇಲೆ ಅಣ್ಣತಮ್ಮಂದಿರ ನಡುವೆ ಪಟ್ಟಕ್ಕಾಗಿ ಜಗಳ ನಡೆಯಿತು. 99 ಸಹೋದರರನ್ನು ಕೊಂದ ಅನ್ನೋದು ಉತ್ಪ್ರೇಕ್ಷೆ. ಪಟ್ಟಾಭಿಷೇಕವಾಗಿ ಎಷ್ಟೋ ವರ್ಷದ ನಂತರದ ಶಾಸನದಲ್ಲಿ ತನ್ನ ಸಹೋದರರ ಮನೆಗಳ ಪ್ರಸ್ತಾಪವನ್ನು ಅವನೇ ಮಾಡಿದ್ದಾನೆ. ಪಟ್ಟಾಭಿಷೇಕ ಆದದ್ದು ಸುಮಾರು ಕ್ರಿ.ಪೂ. 268ರಲ್ಲಿ.

ಪಟ್ಟವಾಗಿ 8 ವರ್ಷಕ್ಕೆ ಕಳಿಂಗ ಯುದ್ಧ. ಅವನೇ ಕಲ್ಲಿನಲ್ಲಿ ಹಾಕಿಸಿದ ಲೆಕ್ಕ ಇದು: ಒಂದೂವರೆ ಲಕ್ಷ ಜನರನ್ನು ಸೆರೆ ಹಿಡಿದು ಸಾಗಿಸಲಾಯಿತು, ಒಂದು ಲಕ್ಷ ಜನ ಕೊಲ್ಲಲ್ಪಟ್ಟರು, ಅದರ ಎಷ್ಟೋ ಪಟ್ಟು ಜನ ಆಮೇಲೆ ಸತ್ತರು. ಗೆದ್ದ ದೊರೆ ತನ್ನಿಂದಾದ ಹಾನಿಯ ಸಂಖ್ಯೆಯನ್ನು ತಾನೇ ಪ್ರಕಟಿಸಿದ ಉದಾಹರಣೆ ಪ್ರಪಂಚದ ಇತಿಹಾಸದಲ್ಲೇ ತೀರಾ ಕಡಿಮೆ.

ಇಸಿಲಕ್ಕೆ ಬಂದ ಪತ್ರ

ಯುದ್ಧದ ನಂತರ ಅಶೋಕ ಬೌದ್ಧ ಉಪಾಸಕನಾದ. ಮೊದಲಿನ ದೊರೆಗಳು ಬೇಟೆ, ವಿಹಾರ ಅಂತ ತಿರುಗುತ್ತಿದ್ದರು. ಇವನು ಹಳ್ಳಿಯ ಜನರನ್ನು ಕಂಡು ಮಾತಾಡುವ ಪ್ರವಾಸ ಶುರು ಮಾಡಿದ. ಅಂಥ ಒಂದು ಪ್ರವಾಸದಲ್ಲಿ 256 ರಾತ್ರಿಗಳನ್ನು ಕಳೆದ ಮೇಲೆ ಹೊರಡಿಸಿದ ಆದೇಶವೇ ನಮ್ಮ ಬ್ರಹ್ಮಗಿರಿಯ ಶಾಸನ ಅನ್ನೋದು ಹೆಚ್ಚಿನ ವಿದ್ವಾಂಸರ ಓದು. ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಇದರ ಮೂರು ಪ್ರತಿಗಳಿವೆ: ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟ.

ಪಾಟಲಿಪುತ್ರದಿಂದ ಬ್ರಹ್ಮಗಿರಿಗೆ ಮ್ಯಾಪಿನಲ್ಲಿ ನೇರ ಗೆರೆ ಎಳೆದರೂ ಸುಮಾರು 1500 ಕಿಲೋಮೀಟರ್. ಆದೇಶ ಬಂದ ದಾರಿ ಕಲ್ಲಿನ ಮೇಲೇ ಇದೆ. ದೊರೆಯ ಆದೇಶ ದಕ್ಷಿಣದ ಪ್ರಾಂತೀಯ ರಾಜಧಾನಿ ಸುವರ್ಣಗಿರಿಗೆ ಬಂತು. ಅಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ, ಅಂದರೆ ಹಿರಿಯ ಅಧಿಕಾರಿಗಳೂ, ಅದನ್ನು ಇಸಿಲದ ಮಹಾಮಾತ್ರರಿಗೆ ಕಳಿಸಿದರು. ಇಸಿಲ ಅಂದರೆ ಬ್ರಹ್ಮಗಿರಿಯ ಸುತ್ತಲಿನ ಆಗಿನ ಊರು. ಮೊದಲು ಇಸಿಲದವರ ಆರೋಗ್ಯ ವಿಚಾರಿಸಿ, ಆಮೇಲೆ ವಿಷಯಕ್ಕೆ ಬರುತ್ತಾರೆ. ಕೊನೆಗೆ ಬರೆದವನ ಹೆಸರೂ ಇದೆ: ಚಪಡ. ಲಿಪಿಕಾರ ಅನ್ನುವ ಅವನ ಹುದ್ದೆಯನ್ನು ಮಾತ್ರ ಬ್ರಾಹ್ಮಿ ಬಿಟ್ಟು ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ, ತಕ್ಷಶಿಲೆಯ ಕಡೆಯ ಲಿಪಿ. ಬಲಗಡೆಯಿಂದ ಎಡಕ್ಕೆ ಬರೆಯೋದು. ಅಷ್ಟು ದೂರದ ಬರವಣಿಗೆ ಕಲಿತವನೊಬ್ಬ ನಮ್ಮ ಬಯಲುಸೀಮೆಯ ಬಂಡೆ ಮೇಲೆ ಸೈನ್ ಹಾಕಿ ಹೋಗಿದ್ದಾನೆ.

ಇದನ್ನು ಒಂದು ಸರ್ಕಾರಿ ದಾಖಲೆಯಾಗಿ ನೋಡಿ. ಯಾರು ಆದೇಶಿಸಿದರು, ಯಾರ ಮೂಲಕ ಬಂತು, ಯಾವ ಊರಿನ ಯಾವ ಅಧಿಕಾರಿಗಳಿಗೆ ಬಂತು, ಏನು ಮಾಡಬೇಕು, ಯಾರು ಬರೆದರು: ಐದಕ್ಕೂ ಉತ್ತರ ಇದೆ. ಇಸಿಲದ ಅಧಿಕಾರಿ ನಮಗೆ ಪತ್ರವೇ ಬಂದಿಲ್ಲ ಅಂತ ಹೇಳುವ ಹಾಗಿಲ್ಲ. ಮೇಲಿನವರು ನಾವು ಹೇಳಿದ್ದು ಬೇರೆ ಅಂತ ಜಾರುವ ಹಾಗೂ ಇಲ್ಲ. ಒಳಗಿನ ವಿಷಯವೂ ಹಾಗೇ ಇದೆ. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಪ್ರಯತ್ನ ಮಾಡಿದರೆ ದೊಡ್ಡ ಫಲ ಸಿಗುತ್ತದೆ, ಇದು ಗಡಿಯಾಚೆಯವರಿಗೂ ತಿಳಿಯಲಿ ಅನ್ನೋದು ಅದರ ಸಾರ. ತಂದೆತಾಯಿ, ಗುರುಗಳ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು ಅನ್ನುವ ಮಾತುಗಳೂ ಇವೆ.

ಒಂದು ತೊಂದರೆ ಇತ್ತು. ಶಾಸನದ ಭಾಷೆ ಪ್ರಾಕೃತ, ಇಲ್ಲಿನ ಜನರ ಮಾತು ಬೇರೆ. ಓದುಬರಹ ಬಂದವರೂ ಕಡಿಮೆ. ಬರೀ ಬಂಡೆ ಮೇಲೆ ಬರೆದರೆ ಜನರಿಗೆ ಮುಟ್ಟುವುದಿಲ್ಲ ಅನ್ನೋದು ಅಶೋಕನಿಗೂ ತಿಳಿದಿತ್ತು. ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯ ಪ್ರತಿಯಲ್ಲಿ ಅದಕ್ಕೆ ವ್ಯವಸ್ಥೆ ಇದೆ. ಮಹಾಮಾತ್ರರು ರಜ್ಜುಕನಿಗೆ ಹೇಳಬೇಕು, ರಜ್ಜುಕ ಭೇರಿ ಬಾರಿಸಿ ಹಳ್ಳಿಯ ಜನರಿಗೆ ಸಾರಬೇಕು. ನಮ್ಮ ಕಡೆ ಡಂಗೂರ ಸಾರೋದು ಅಂತೀವಲ್ಲ, ಹಾಗೆ. ರಜ್ಜು ಅಂದರೆ ಹಗ್ಗ. ಹಗ್ಗ ಹಿಡಿದು ಭೂಮಿ ಅಳೆಯುತ್ತಿದ್ದವರಿಂದ ಆ ಹುದ್ದೆಯ ಹೆಸರು ಬಂತು ಅನ್ನುತ್ತಾರೆ ಹಲವು ವಿದ್ವಾಂಸರು. ಸಿವಿಲ್‌ನವರು ಬೇಕಾದರೆ ತಮ್ಮ ಪೂರ್ವಿಕ ಅಂದುಕೊಳ್ಳಬಹುದು.

ಐದು ವರ್ಷಕ್ಕೊಂದು ತಪಾಸಣೆ

ಆದೇಶ ಕಳಿಸಿದ ಮೇಲೆ ಅದು ಪಾಲನೆಯಾಯಿತಾ ಅಂತ ತಿಳಿಯೋದು ಹೇಗೆ? ಪಟ್ಟವಾಗಿ 12 ವರ್ಷವಾದಾಗ ಅಶೋಕ ಒಂದು ನಿಯಮ ಮಾಡಿದ. ಯುಕ್ತರು, ರಜ್ಜುಕರು, ಪ್ರಾದೇಶಿಕರು ಅನ್ನುವ ಮೂರು ದರ್ಜೆಯ ಅಧಿಕಾರಿಗಳು 5 ವರ್ಷಕ್ಕೊಮ್ಮೆ ತಮ್ಮ ಪ್ರದೇಶವಿಡೀ ಸುತ್ತಬೇಕು. ಯುಕ್ತರು ಲೆಕ್ಕ ಇಡುವ ಬಗ್ಗೆ ಪರಿಷತ್ತು ಅಪ್ಪಣೆ ಕೊಡುತ್ತದೆ. ಅದೇ ಶಾಸನದಲ್ಲಿ ಖರ್ಚು ಕಡಿಮೆ, ಕೂಡಿಡೋದೂ ಕಡಿಮೆ ಇರಲಿ ಅನ್ನುವ ಬುದ್ಧಿಮಾತೂ ಇದೆ.

ಇನ್ನೂ ನಿಷ್ಠುರವಾದದ್ದು ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಹಾಕಿಸಿದ ಎರಡು ಪ್ರತ್ಯೇಕ ಶಾಸನಗಳು. ಇವುಗಳ ಭಾಗಗಳು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿವೆ. ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ದೇವಿಯ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯಲ್ಲಿ ಈ ಬರಹ ಇತ್ತು. ಅದು ಗೊತ್ತಾದದ್ದು 1980ರ ದಶಕದ ಕೊನೆಗೆ. ಈ ಶಾಸನಗಳಲ್ಲಿ ಒಂದು ನಗರದ ನ್ಯಾಯ ನೋಡುವ ಅಧಿಕಾರಿಗಳಿಗೆ ಬರೆದದ್ದು. ಪ್ರಜೆಗಳೆಲ್ಲ ತನ್ನ ಮಕ್ಕಳ ಹಾಗೆ ಅಂತ ಶುರು ಮಾಡಿ, ನೇರವಾಗಿ ತಪ್ಪು ತೋರಿಸುತ್ತಾನೆ. ಈ ಮಾತು ಎಷ್ಟು ದೂರ ಹೋಗುತ್ತದೆ ಅಂತ ನಿಮಗೆ ಪೂರ್ತಿ ಅರ್ಥವಾಗಿಲ್ಲ. ಕೆಲವರು ಕಾರಣವಿಲ್ಲದೆ ಸೆರೆಗೆ ಹೋಗುತ್ತಿದ್ದಾರೆ, ಹಿಂಸೆಪಡುತ್ತಿದ್ದಾರೆ. ಪಕ್ಷಪಾತವಿಲ್ಲದೆ ನಡೆಯಲು ಅಡ್ಡ ಬರೋದು ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಅಭ್ಯಾಸದ ಕೊರತೆ, ಸೋಮಾರಿತನ, ಆಯಾಸ. ಹೀಗೆ ಪಟ್ಟಿ ಕೊಟ್ಟಿದ್ದಾನೆ. ಆಯಾಸವನ್ನೂ ದೋಷಗಳ ಪಟ್ಟಿಗೆ ಸೇರಿಸಿದ್ದಾನೆ ನೋಡಿ. ಸಂಜೆ ನಾಲ್ಕರ ಮೇಲೆ ಸರ್ಕಾರಿ ಕೌಂಟರಿಗೆ ಹೋದವರಿಗೆ ಅದು ಅರ್ಥವಾಗುತ್ತದೆ.

ಆಮೇಲೆ ಎರಡು ವ್ಯವಸ್ಥೆ. ಮೊದಲನೆಯದು, ತಿಷ್ಯ ಅಂದರೆ ಪುಷ್ಯ ನಕ್ಷತ್ರದ ದಿನಗಳಂದು ಈ ಆದೇಶವನ್ನು ಗಟ್ಟಿಯಾಗಿ ಓದಬೇಕು. ನಡುವೆ ಕೂಡ ಓದಬಹುದು, ಕೇಳಲು ಒಬ್ಬನೇ ಬಂದರೂ ಓದಬೇಕು. ಎರಡನೆಯದು, 5 ವರ್ಷಕ್ಕೊಮ್ಮೆ ಒರಟನಲ್ಲದ, ಕೋಪಿಷ್ಠನಲ್ಲದ ಅಧಿಕಾರಿಯನ್ನು ತಪಾಸಣೆಗೆ ಕಳಿಸುತ್ತೇನೆ. ಉಜ್ಜಯಿನಿಯ ರಾಜಕುಮಾರನೂ ಕಳಿಸಬೇಕು, ಅಲ್ಲಿ 3 ವರ್ಷ ಮೀರಕೂಡದು. ತಕ್ಷಶಿಲೆಯಿಂದಲೂ ಅದೇ ರೀತಿ.

ಅಧಿಕಾರಿಗೆ ಬೈದು ಬರೆದದ್ದನ್ನು ಅವನ ಊರಿನ ಜನರೆದುರೇ ಓದಿಸೋದು ಅಂದರೆ ಏನು ಅಂತ ಯೋಚಿಸಿ. ಜನರಿಗೆ ಏನು ಸಿಗಬೇಕು ಅಂತ ಗೊತ್ತಾಯಿತು. ಸಿಗದಿದ್ದರೆ ಯಾರನ್ನು ಕೇಳಬೇಕು ಅಂತ ಗೊತ್ತಾಯಿತು. ತಪಾಸಣೆಯವನು ಯಾವಾಗ ಬರುತ್ತಾನೆ ಅಂತಲೂ ಗೊತ್ತಾಯಿತು. ಅಶೋಕನ ಒಳ್ಳೆಯತನಕ್ಕಿಂತ ಇದು ಹೆಚ್ಚು ಕೆಲಸಕ್ಕೆ ಬರುವ ವಿಷಯ.

ದೂರು ಕೇಳುವ ಸಮಯವನ್ನೂ ಅವನು ಬದಲಿಸಿದ. ಹಿಂದೆಲ್ಲ ಎಲ್ಲ ಹೊತ್ತಲ್ಲೂ ಸುದ್ದಿ ಒಪ್ಪಿಸುವ ಪದ್ಧತಿ ಇರಲಿಲ್ಲ. ಈಗ ತಾನು ಊಟಕ್ಕೆ ಕೂತಿರಲಿ, ಅಂತಃಪುರದಲ್ಲಿರಲಿ, ತೋಟದಲ್ಲಿರಲಿ, ವರದಿಗಾರರು ಜನರ ಕೆಲಸ ತಂದು ಹೇಳಬೇಕು ಅಂತ ಆರನೆಯ ಬಂಡೆ ಶಾಸನದಲ್ಲಿದೆ. ಅದೇ ಶಾಸನದಲ್ಲಿ ಇನ್ನೊಂದು ಮಾತು ನಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆ. ತಾನು ಬಾಯಿಮಾತಿನಲ್ಲಿ ಕೊಟ್ಟ ಆದೇಶದ ಬಗ್ಗೆ, ಅಥವಾ ಮಹಾಮಾತ್ರರಿಗೆ ವಹಿಸಿದ ತುರ್ತು ಕೆಲಸದ ಬಗ್ಗೆ ಪರಿಷತ್ತಿನಲ್ಲಿ ವಿವಾದ ಬಂದರೆ, ತಕ್ಷಣ ತನಗೆ ತಿಳಿಸಬೇಕು. ಬಾಯಿಮಾತಿನ ಆದೇಶ ಎಷ್ಟು ಅಪಾಯ ಅನ್ನೋದು ಅವನಿಗೆ ಗೊತ್ತಿತ್ತು. ಅದಕ್ಕೆ ಎದುರಾದ ಮಾತನ್ನು ಮುಚ್ಚಿಡಬಾರದು ಅಂತಲೂ ಗೊತ್ತಿತ್ತು.

ಕಾಮಗಾರಿಗಳ ವಿಷಯದಲ್ಲೂ ಆ ಕಾಲದ ಹೆಸರುಗಳು ಉಳಿದಿವೆ. ಗುಜರಾತಿನ ಗಿರ್ನಾರ್ ಬಳಿ ಸುದರ್ಶನ ಅನ್ನುವ ಕೆರೆ ಇತ್ತು. ಚಂದ್ರಗುಪ್ತನ ಪ್ರಾಂತಾಧಿಕಾರಿ ಪುಷ್ಯಗುಪ್ತ ಕಟ್ಟಿಸಿದ್ದು, ಅಶೋಕನ ಕಾಲದಲ್ಲಿ ಯವನ ತುಷಾಸ್ಫ ಅದಕ್ಕೆ ಕಾಲುವೆಗಳನ್ನು ಮಾಡಿಸಿದ. ಇದು ಗೊತ್ತಾಗಿರೋದು ಸುಮಾರು 400 ವರ್ಷಗಳ ನಂತರ, ಕ್ರಿ.ಶ. 150ರ ಹೊತ್ತಿಗೆ, ರುದ್ರದಾಮನ್ ದೊರೆ ಅಶೋಕನ ಶಾಸನ ಇದ್ದ ಬಂಡೆಯ ಮೇಲೇ ಹಾಕಿಸಿದ ಬರಹದಿಂದ. ಬಿರುಗಾಳಿ ಮಳೆಗೆ ಏರಿ 420 ಮೊಳ ಉದ್ದ, ಅಷ್ಟೇ ಅಗಲ, 75 ಮೊಳ ಆಳ ಒಡೆದುಹೋಗಿತ್ತು. ಮಂತ್ರಿಗಳು ರಿಪೇರಿಗೆ ಒಪ್ಪಲಿಲ್ಲ. ಆದರೂ ಜನರ ಮೇಲೆ ಹೊಸ ತೆರಿಗೆ ಹಾಕದೆ, ಬಿಟ್ಟಿ ದುಡಿಸದೆ, ಸುವಿಶಾಖ ಅನ್ನುವ ಅಧಿಕಾರಿ ಅದನ್ನು ಮುಗಿಸಿದ. ಯಾರು ಕಟ್ಟಿದರು, ಎಷ್ಟು ಒಡೆಯಿತು, ಯಾರು ಬೇಡ ಅಂದರು, ಯಾರ ದುಡ್ಡಲ್ಲಿ ಸರಿಯಾಯಿತು: ಎಲ್ಲ ಅಲ್ಲೇ ಇದೆ. ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ರಿಪೋರ್ಟ್ ಬೇಕೇ?

ಬರೆಸದೆ ಬಿಟ್ಟದ್ದು

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಕಳಿಂಗದ ಸಾವುನೋವಿನ ಲೆಕ್ಕ ಮತ್ತು ಪಶ್ಚಾತ್ತಾಪ ಇರೋದು ಹದಿಮೂರನೆಯ ಬಂಡೆ ಶಾಸನದಲ್ಲಿ. ಗಿರ್ನಾರ್, ಶಹಬಾಜ್‌ಗಢಿಯಂಥ ದೂರದ ಜಾಗಗಳಲ್ಲಿ ಅದು ಇದೆ. ಕಳಿಂಗದ ಧೌಲಿ, ಜೌಗಡದಲ್ಲಿ ಮಾತ್ರ ಇಲ್ಲ. ಅದರ ಜಾಗದಲ್ಲಿ ಅಧಿಕಾರಿಗಳಿಗೆ ಬುದ್ಧಿ ಹೇಳುವ ಪ್ರತ್ಯೇಕ ಶಾಸನಗಳಿವೆ. ಗಾಯ ಕೆದಕೋದು ಬೇಡ ಅನ್ನುವ ಕರುಣೆ ಇರಬಹುದು. ಆ ಜನರೆದುರು ಒಪ್ಪಿಕೊಂಡರೆ ಆಳೋದು ಕಷ್ಟ ಅನ್ನುವ ಲೆಕ್ಕಾಚಾರವೂ ಇರಬಹುದು. ಏನೇ ಇರಲಿ, ಯಾರಿಗೆ ಅನ್ಯಾಯವಾಯಿತೋ ಅವರ ಊರಿನಲ್ಲೇ ಆ ಪುಟ ಕಾಣೆಯಾಗಿದೆ. ಅದೇ ಹದಿಮೂರನೆಯ ಶಾಸನದಲ್ಲಿ ಕಾಡಿನ ಜನರಿಗೆ ಒಂದು ಎಚ್ಚರಿಕೆಯೂ ಇದೆ: ಪಶ್ಚಾತ್ತಾಪಪಟ್ಟರೂ ದೊರೆಯ ಕೈಯಲ್ಲಿ ಶಕ್ತಿ ಇದೆ, ನೆನಪಿರಲಿ.

ಇದರಿಂದ ಒಂದು ವಿಷಯ ತಿಳಿಯುತ್ತದೆ. ಪ್ರಕಟಣೆ ಹಾಕುವ ಅಧಿಕಾರ ಆಳುವವನ ಕೈಯಲ್ಲೇ ಇದ್ದರೆ, ಯಾವುದನ್ನು ಎಲ್ಲಿ ಹಾಕಬಾರದು ಅನ್ನುವ ಅಧಿಕಾರವೂ ಅವನದ್ದೇ ಆಗಿರುತ್ತದೆ. ಅಶೋಕನಿಂದ ಲೆಕ್ಕ ಕೇಳುವ ಹಕ್ಕು ಇಸಿಲದವರಿಗೆ ಇರಲಿಲ್ಲ.

ತನ್ನ ಕೆಲಸದಲ್ಲಿ ದೋಷ ಇರಬಹುದು ಅಂತ ಒಪ್ಪಿಕೊಂಡದ್ದೂ ಉಂಟು. ಹದಿನಾಲ್ಕನೆಯ ಶಾಸನದಲ್ಲಿ ಹೇಳುತ್ತಾನೆ: ಎಲ್ಲ ಕಡೆ ಎಲ್ಲವೂ ಬರೆದಿಲ್ಲ, ಕೆಲವು ಚಿಕ್ಕದು, ಕೆಲವು ದೊಡ್ಡದು, ಲಿಪಿಕಾರರ ತಪ್ಪಿನಿಂದ ಅರ್ಧಂಬರ್ಧವೂ ಆಗಿರಬಹುದು.

ಅರ್ಧ ನೆಲ್ಲಿಕಾಯಿ

ಪಟ್ಟವಾಗಿ 26 ವರ್ಷವಾದ ಮೇಲೂ ಅವನು ಶಾಸನ ಬರೆಸುತ್ತಲೇ ಇದ್ದ. ಸಾವಿರಾರು ಜನರ ಮೇಲಿರುವ ರಜ್ಜುಕರನ್ನು ಮಗುವನ್ನು ನೋಡಿಕೊಳ್ಳಲು ಒಪ್ಪಿಸಿದ ನುರಿತ ದಾದಿಗೆ ಹೋಲಿಸಿದ. ಮರಣದಂಡನೆ ಆದವರಿಗೆ 3 ದಿನ ಅವಕಾಶ ಕೊಡಿಸಿದ. ಬುದ್ಧ ಹುಟ್ಟಿದ ಲುಂಬಿನಿಗೆ ಹೋಗಿ ಆ ಹಳ್ಳಿಯ ಕಂದಾಯವನ್ನು ಎಂಟನೇ ಒಂದು ಭಾಗಕ್ಕೆ ಇಳಿಸಿದ್ದು ಅದಕ್ಕೂ ಮುಂಚೆ.

ಕೊನೆಯ ದಿನಗಳ ಬಗ್ಗೆ ಮತ್ತೆ ದಿವ್ಯಾವದಾನದ ಕಥೆಯೇ ಗತಿ. ಮುದುಕನಾದ ಅಶೋಕ ಖಜಾನೆಯ ಹಣವನ್ನು ವಿಹಾರಗಳಿಗೆ ಕೊಡುತ್ತಲೇ ಹೋದ. ಹೀಗಾದರೆ ರಾಜ್ಯಕ್ಕೆ ಏನೂ ಉಳಿಯಲ್ಲ ಅಂತ ಮಂತ್ರಿಗಳು ಯುವರಾಜನಿಗೆ ಹೇಳಿ, ಖಜಾನೆಯಿಂದ ಹಣ ಬಿಡದಂತೆ ತಡೆ ಹಾಕಿಸಿದರು. ಆಮೇಲೆ ಅವನು ತನ್ನ ಊಟದ ಚಿನ್ನದ ತಟ್ಟೆ ಕೊಟ್ಟ, ಬೆಳ್ಳಿಯದು ಕೊಟ್ಟ. ಕಡೆಗೆ ಕೈಯಲ್ಲಿ ಉಳಿದದ್ದು ಅರ್ಧ ನೆಲ್ಲಿಕಾಯಿ. ಅದನ್ನೂ ವಿಹಾರಕ್ಕೆ ಕಳಿಸಿದ. ಓದುವಾಗ ಮನಸ್ಸಿಗೆ ಬೇಜಾರಾಗುತ್ತದೆ. ಆದರೆ ಆ ಮಂತ್ರಿಗಳ ಜಾಗದಲ್ಲಿ ನಿಂತು ನೋಡಿದರೆ? ಸಾರ್ವಜನಿಕ ಹಣ ಚಕ್ರವರ್ತಿಯ ಪುಣ್ಯಕ್ಕೂ ಹಾಗೇ ಖರ್ಚಾಗಬಾರದು ಅಂತ ಅವರು ಹೇಳಿದ್ದು ತಪ್ಪೇ?

ಸುಮಾರು ಕ್ರಿ.ಪೂ. 232ರಲ್ಲಿ ಅಶೋಕ ತೀರಿಕೊಂಡ. ಇನ್ನೂ 50 ವರ್ಷ ಕಳೆಯುವುದರೊಳಗೆ ಮೌರ್ಯ ಸಾಮ್ರಾಜ್ಯ ಮುಗಿಯಿತು. ಬ್ರಾಹ್ಮಿ ಲಿಪಿಯನ್ನು ಓದುವುದನ್ನೂ ಜನ ಮರೆತರು. ನಮ್ಮ ಕನ್ನಡ ಲಿಪಿ ಅದರದ್ದೇ ಸಂತತಿ, ಆದರೂ ಅಕ್ಷರಗುಂಡಿನ ಮೇಲೆ ಅಕ್ಷರ ಇದೆ ಅಂತ ಗೊತ್ತಿತ್ತೇ ಹೊರತು ಏನಿದೆ ಅಂತ ಗೊತ್ತಿರಲಿಲ್ಲ. ಜಟಿಂಗ ರಾಮೇಶ್ವರದ ಬಂಡೆಗೆ ಬಳೆಗಾರರ ಗುಂಡು ಅಂತ ಹೆಸರು. ಜಾತ್ರೆಯಲ್ಲಿ ಬಳೆ ಮಾರುವವರು ಅಲ್ಲಿ ಅಂಗಡಿ ಹರಡುತ್ತಿದ್ದರು. ಅಲ್ಲಿನ ಅಕ್ಷರಗಳು ತುಂಬ ಸವೆದಿವೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದ. 1892ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಮೊಳಕಾಲ್ಮೂರಿನ ಮೂರೂ ಶಾಸನಗಳನ್ನು ಗುರುತಿಸಿದ. ಇವುಗಳಲ್ಲಿ ದೊರೆಗೆ ಇದ್ದದ್ದು ದೇವರಿಗೆ ಪ್ರಿಯನಾದವನು ಅನ್ನುವ ಬಿರುದು ಮಾತ್ರ. ಅವನದೇ ಶಾಸನದಲ್ಲಿ ಅಶೋಕ ಅನ್ನುವ ಹೆಸರು ಮೊದಲು ಕಂಡದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಕಂಡುಹಿಡಿದವನು ಸಿ. ಬೀಡನ್ ಅನ್ನುವ ಚಿನ್ನದ ಗಣಿಯ ಇಂಜಿನಿಯರ್.

ಇಸಿಲದಿಂದ ಕಸದ ಗಾಡಿಗೆ

ಈಗ ಇಸಿಲದ ಜಾಗದಲ್ಲಿ ಮೊಳಕಾಲ್ಮೂರಿಗೆ ಪಟ್ಟಣ ಪಂಚಾಯಿತಿ ಇದೆ, ಚಳ್ಳಕೆರೆಗೆ ನಗರಸಭೆ ಇದೆ. ಮಹಾಮಾತ್ರರ ಬದಲು ಮುಖ್ಯಾಧಿಕಾರಿ, ಪೌರಾಯುಕ್ತರಿದ್ದಾರೆ. ದೊಡ್ಡ ವ್ಯತ್ಯಾಸ ಅಂದರೆ, ಲೆಕ್ಕ ಕೇಳುವ ಹಕ್ಕು ಈಗ ದೊರೆಯದ್ದಲ್ಲ, ನಮ್ಮದು. 74ನೆಯ ಸಂವಿಧಾನ ತಿದ್ದುಪಡಿ ಊರಿನ ಆಡಳಿತವನ್ನು ಚುನಾಯಿತರ ಕೈಗೆ ಕೊಟ್ಟಿದೆ. ಖರೀದಿ, ಗುತ್ತಿಗೆ ಟೆಂಡರ್ ಮೂಲಕವೇ ಆಗಬೇಕು ಅಂತ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಹೇಳುತ್ತದೆ. ಸರ್ಕಾರ ವಿನಾಯಿತಿ ಕೊಡಬಹುದಾದ 4ಜಿ ಅನ್ನುವ ಕಿಟಕಿಯೂ ಅದರಲ್ಲೇ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಯಾರೂ ಕೇಳದಿದ್ದರೂ ಕಚೇರಿಗಳೇ ಮುಂದಾಗಿ ಮಾಹಿತಿ ಪ್ರಕಟಿಸಬೇಕು.

ಕಸದ ಗುತ್ತಿಗೆಯನ್ನೇ ತಗೊಳ್ಳಿ. ರಸ್ತೆ ಕಾಮಗಾರಿ ಆದರೆ ಮೊದಲ ಮಳೆಗೇ ಗುಣಮಟ್ಟ ಗೊತ್ತಾಗುತ್ತದೆ, ಕೋರ್ ತೆಗೆದು ಲ್ಯಾಬಲ್ಲಿ ಟೆಸ್ಟ್ ಮಾಡಬಹುದು. ಕಸ ಎತ್ತಿದ ಕೆಲಸ ಹಾಗಲ್ಲ. ಸರಿಯಾಗಿ ಮಾಡಿದರೆ ನೋಡಲು ಏನೂ ಉಳಿಯೋದೇ ಇಲ್ಲ. ಉಳಿಯೋದು ರಿಜಿಸ್ಟರ್ ಮಾತ್ರ. ಟನ್ನಿಗೆ ಇಷ್ಟು ಅಂತ ಒಪ್ಪಂದವಾದರೆ ಕಲ್ಲುಮಣ್ಣು ತುಂಬಿ ತೂಕ ಹೆಚ್ಚಿಸುವ ಆಸೆ ಹುಟ್ಟುತ್ತದೆ. ಟ್ರಿಪ್ಪಿಗೆ ಇಷ್ಟು ಅಂದರೆ ಅರ್ಧ ಖಾಲಿ ಗಾಡಿ ಎರಡು ಸಲ ಓಡುತ್ತದೆ. ತಿಂಗಳಿಗೆ ಇಷ್ಟು ಅಂದರೆ ಕೊನೆಯ ಬೀದಿಗೆ ಗಾಡಿ ಬರೋದೇ ನಿಲ್ಲಬಹುದು. ಯಾವ ದರದ ಪದ್ಧತಿಗೂ ಅದರದ್ದೇ ಸೋರಿಕೆ ಇದೆ. ಹಾಗಾಗಿ ಮಾತುಕತೆಯಲ್ಲಿ ಯಾವ ಪದ್ಧತಿ ಆಯ್ಕೆಯಾಯಿತು, ಯಾಕೆ ಆಯಿತು, ದರ ಎಷ್ಟರಿಂದ ಎಷ್ಟಕ್ಕೆ ಇಳಿಯಿತು, ಸಭೆಯಲ್ಲಿ ಯಾರು ಆಕ್ಷೇಪಿಸಿದರು, ತೂಕ ಯಾವ ವೇಬ್ರಿಡ್ಜಿನಲ್ಲಿ, ಸೈನ್ ಯಾರದ್ದು, ಗಾಡಿ ಬರದ ದಿನಕ್ಕೆ ಕಡಿತ ಎಷ್ಟು, ಪೌರಕಾರ್ಮಿಕರಿಗೆ ಸಂಬಳ ಯಾವ ತಾರೀಕಿಗೆ ಅನ್ನೋದು ನಡಾವಳಿಯಲ್ಲಿ ಬರಬೇಕು. ಚೇಂಬರಿನೊಳಗೆ ಬಾಯಿಮಾತಲ್ಲಿ ಮುಗಿದರೆ ಆಮೇಲೆ ಹುಡುಕೋಕೆ ಏನೂ ಸಿಗಲ್ಲ. ಆರನೆಯ ಶಾಸನದಲ್ಲಿ ಅಶೋಕ ಹೆದರಿದ್ದು ಇದಕ್ಕೇ.

ರಸ್ತೆ ಬದಿಯಲ್ಲಿ ಕಾಮಗಾರಿ ಫಲಕ ನೋಡಿರುತ್ತೀರಿ. ಕೆಲಸದ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರ, ಆರಂಭ, ಮುಕ್ತಾಯ. ಕಸದ ಗಾಡಿಗೂ ಅಂಥದ್ದೊಂದು ಬೇಕು: ಗುತ್ತಿಗೆದಾರನ ಹೆಸರು, ದರ, ಅವಧಿ, ಯಾವ ಬೀದಿಗೆ ಯಾವ ಹೊತ್ತಿಗೆ, ಬರದಿದ್ದರೆ ಯಾವ ಅಧಿಕಾರಿಗೆ ಫೋನು. ಅದು ಕನ್ನಡದಲ್ಲಿರಬೇಕು, ಪಿಡಿಎಫ್ ಒಳಗೆ ಮಾತ್ರ ಇರಬಾರದು. ಗಾಡಿಯಲ್ಲಿ ದಿನಾ ಬೆಳಿಗ್ಗೆ ಮೈಕ್ ಇದ್ದೇ ಇರುತ್ತದೆ. ತಿಂಗಳಿಗೊಮ್ಮೆ ಅದರಲ್ಲೇ ಈ ವಿವರವನ್ನೂ ಓದಿ ಹೇಳಿದರೆ ಖರ್ಚೇನೂ ಬರಲ್ಲ.

ನಮ್ಮಲ್ಲಿ ಕೆಲವರು ನಾಳೆ ಇದೇ ಊರುಗಳಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಆಗಿ ಕೂರುತ್ತಾರೆ. ಅಳತೆ ಪುಸ್ತಕ ಅವರ ಮುಂದೆ ಬರುತ್ತದೆ, ಸೈನ್ ಅವರೇ ಹಾಕಬೇಕು. ಚಪಡ ಹಾಕಿದ ಸೈನ್ 2,200 ವರ್ಷ ಬಿಸಿಲು ಮಳೆಗೆ ಮೈಯೊಡ್ಡಿ ಎಲ್ಲರ ಕಣ್ಣಿಗೆ ಬೀಳುವಂತೆ ನಿಂತಿದೆ. ನಾವು ಹಾಕುವ ಸೈನೂ ಹಾಗೆ ಬಂಡೆ ಮೇಲೆ ನಿಲ್ಲುತ್ತದೆ ಅಂದುಕೊಂಡರೆ, ಎಷ್ಟು ಬಿಲ್ಲುಗಳಿಗೆ ಕೈ ಹಾಕುತ್ತೇವೆ?